ನೀಲತ್ತೆಯ ಹಿತ್ತಿಲಿನ ಬ್ಲ್ಯಾಕ್‌ಬೆರಿ

ಬ್ಲ್ಯಾಕ್‌ಬೆರಿ ಹಣ್ಣು ಬೆರಳುಗಳ ನಡುವೆ ಒಡೆದಾಗ ಮೊದಲು ಬರುವುದು ಸಿಹಿಯ ವಾಸನೆಯಲ್ಲ. ಆಗಷ್ಟೇ ನೀರು ಕುಡಿದ ಕೆಂಪು ಮಣ್ಣು, ಬಾಡಿದ ಗುಲಾಬಿ, ಹುಳಿಯಾಗತೊಡಗಿದ ದ್ರಾಕ್ಷಿ, ಈ ಮೂರೂ ಸೇರಿದಂಥ ಒಂದು ವಾಸನೆ ಬರುತ್ತದೆ. ಆಮೇಲೆ ಬೆರಳ ತುದಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕಳೆದ ಬೇಸಿಗೆಯಲ್ಲಿ ಬೆಳಗಾವಿಯ ನಮ್ಮ ಮನೆಯ ಮಾಳಿಗೆಯ ಮೇಲೆ, ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನಲ್ಲಿ ನಾನೇ ಬೆಳೆಸಿದ ಗಿಡದಿಂದ ಮೊದಲ ಹಣ್ಣನ್ನು ಕಿತ್ತೆ. ಎಷ್ಟು ಹಗುರಾಗಿ ಹಿಡಿಯಬೇಕೆಂದು ತಿಳಿಯದೆ ಅದು ಕೈಯಲ್ಲೇ ಒಡೆಯಿತು. ಆ ವಾಸನೆ ನನ್ನನ್ನು ಖಾನಾಪುರದ ಅಜ್ಜನ ಮನೆಯ ಹಿತ್ತಿಲ ಮೆಟ್ಟಿಲಿಗೆ ಕೊಂಡೊಯ್ದು ಕೂರಿಸಿತು. ನನಗೆ ಆರು ವರ್ಷ. ಕಾದ ಕಲ್ಲು ತೊಡೆಗೆ ಸುಡುತ್ತಿದೆ. ನನ್ನ ಸೋದರತ್ತೆ ನೀಲತ್ತೆ ಎದುರಿಗೆ ಬಗ್ಗಿ, ನೇರಳೆ ಕಲೆಯಾದ ಎರಡು ಬೆರಳಿನಿಂದ ಹಣ್ಣು ಹಿಡಿದು, "ಬಾಯಿ ತಗಿ" ಎನ್ನುತ್ತಾಳೆ. ನಾನು ತೆರೆಯುತ್ತೇನೆ. ಸಣ್ಣ ಬೀಜಗಳು ಹಲ್ಲಿನ ಸಂದಿಯಲ್ಲಿ ಸಿಕ್ಕುತ್ತವೆ.

ಇದನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ, ಮಕ್ಕಳಿಗೆ ಮಲಗುವಾಗ, ಅತ್ತೆಯ ಹೆಸರು ಬಂದಾಗಲೆಲ್ಲ ನೆಂಟರಿಗೆ. ಯಾಕೆಂದರೆ ಅತ್ತೆಯದೆಂದು ನನ್ನ ಬಳಿ ಉಳಿದಿರುವುದು ಇದೊಂದೇ. ಆಕೆಯ ಫೋಟೋ ಯಾರಲ್ಲೂ ಇಲ್ಲ. ಅಜ್ಜನಿಗೆ ಫೋಟೋದವರನ್ನು ಮನೆಗೆ ಕರೆಸುವ ರೂಢಿಯಿರಲಿಲ್ಲ. ದನಿ ಹೇಗಿತ್ತು ಎಂದು ನೆನೆಯಹೋದರೆ ನನ್ನ ತಾಯಿಯ ದನಿಯೇ ಕೇಳುತ್ತದೆ. ಮುಖ ಮಾತ್ರ ಈ ಒಂದು ಹಣ್ಣಿನ ಹಿಂದೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದೆ.

ಅತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಾವು ಬೆಳಗಾವಿಯಿಂದ ರಜೆಗೆ ಹೋದಾಗ ಆ ಮನೆಯಲ್ಲಿ ಕಟ್ಟಿಗೆ ಹೊಗೆ, ವಿಭೂತಿ, ಬಾವಿಯ ಹಗ್ಗದ ಹಸಿ ವಾಸನೆ ಒಟ್ಟಿಗೆ ಇರುತ್ತಿದ್ದವು. ಅಜ್ಜನ ಲಿಂಗಪೂಜೆಗೆ ಹೂವು ಒದಗಿಸುವುದು ಅತ್ತೆಯ ಕೆಲಸ, ಹಾಗಾಗಿ ಹಿತ್ತಿಲು ಆಕೆಯದು. ಮಲ್ಲಿಗೆ, ಕಣಗಿಲೆ, ದಾಸವಾಳ, ಮಧ್ಯೆ ಒಂದಿಷ್ಟು ಮೆಂತ್ಯ, ಕೊತ್ತಂಬರಿ. ಗೋಡೆಯ ಮೂಲೆಯಲ್ಲಿ ಮಾತ್ರ ಯಾವ ಪೂಜೆಗೂ ಸಲ್ಲದ, ಯಾವ ಪಲ್ಯಕ್ಕೂ ಬಾರದ ಒಂದು ಮುಳ್ಳಿನ ಪೊದೆ. ಅದನ್ನು ತಂದುಕೊಟ್ಟವನು ಪಕ್ಕದ ಮನೆಯ ಬಾಬುಸಾಬ ಚಾಚಾ. ಅವನದು ಮನೆಗಳಿಗೆ ಹಂಚು ಹೊದಿಸುವ ಕೆಲಸ. ಮಳೆಗಾಲಕ್ಕೆ ಮುಂಚೆ ಬೆಳಗಾವಿ ಕ್ಯಾಂಪಿನ ಹಳೆಯ ಬಂಗಲೆಗಳಿಗೆ ಹೋಗಿ ಒಡೆದ ಹಂಚು ಬದಲಿಸಿ ಬರುತ್ತಿದ್ದ. ಅಂಥ ಒಂದು ಬಂಗಲೆಯ ಹಿಂದೆ, ಬಾಗಿದ ಕೊಂಬೆಯ ತುದಿ ನೆಲಕ್ಕೆ ತಾಗಿ ತಾನಾಗಿಯೇ ಬೇರು ಬಿಟ್ಟದ್ದನ್ನು ಕಂಡು, ಮಣ್ಣು ಸಮೇತ ಕಿತ್ತು ಒದ್ದೆ ಗೋಣಿಯಲ್ಲಿ ಸುತ್ತಿ ರೈಲಿನಲ್ಲಿ ತಂದಿದ್ದನಂತೆ. ಹಣ್ಣು ಕಪ್ಪಗೆ, ಜೇನಿನ ಹಾಗೆ ಇರುತ್ತದೆಂದು ಬಂಗಲೆಯ ಅಡುಗೆಯವನು ಹೇಳಿದ್ದನಂತೆ.

ಗಿಡ ಬೆಳೆಯಿತು, ಹಣ್ಣು ಬಿಡಲಿಲ್ಲ. ಗೋಡೆಯ ಈಚೆಯಿಂದ ಅತ್ತೆ ಕೂಗುತ್ತಿದ್ದಳು: "ಬಾಬಣ್ಣಾ, ಎಂಥಾ ಗಿಡಾ ತಂದಿಯೋ ಮಾರಾಯಾ! ಹೂವಿಲ್ಲ, ಹಣ್ಣಿಲ್ಲ, ಬರೇ ಪರಚತೈತಿ."

ಆಚೆಯಿಂದ ಚಾಚಾ: "ಸಾಹೇಬರ ಬಂಗ್ಲೇದಾಗ ಬೆಳದದ್ದ ಅಕ್ಕಾ ಅದು. ನಿನ್ನ ಮಾತ ತಿಳೀವಲ್ದು ಅದಕ್ಕ."

"ಹಂಗಾರ ನೀನ ಬಂದು ಒಂದ ಸಲಾಮ ಹೊಡಿ. ಬಗ್ಗತೈತೇನೋ ನೋಡೂಣು."

ಈ ಜಗಳ ಪ್ರತಿ ಬೇಸಿಗೆಯಲ್ಲೂ ನಡೆಯುತ್ತಿತ್ತು ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಅತ್ತೆ ಬೈದರೂ ಗಿಡವನ್ನು ಕೀಳಲಿಲ್ಲ. ಕಟ್ಟಿಗೆ ಬೂದಿ ಹಾಕಿದಳು, ಅಕ್ಕಿ ತೊಳೆದ ನೀರು ಹಾಕಿದಳು. ಎಲ್ಲಕ್ಕಿಂತ ಹೆಚ್ಚಾಗಿ, ಮಲ್ಲಿಗೆಗೆ ಏನು ಮಾಡುತ್ತಿದ್ದಳೋ ಅದನ್ನೇ ಇದಕ್ಕೂ ಮಾಡಿದಳು. ಕಾರ್ತೀಕ ಮಾಸ ಮುಗಿದ ಮರುದಿನ ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುಡಗೋಲನ್ನು ಬಾವಿಯ ಕಲ್ಲಿಗೆ ಮಸೆದು, ಮಲ್ಲಿಗೆಯ ಜೊತೆಗೇ ಆ ಪೊದೆಯನ್ನೂ ಗೇಣುದ್ದ ಉಳಿಸಿ ನೆಲಮಟ್ಟಕ್ಕೆ ಸವರಿಬಿಡುತ್ತಿದ್ದಳು. ಕಡಿದ ಮುಳ್ಳುಕೊಂಬೆಗಳನ್ನು ಕೋಳಿ ಕೆದಕದ ಹಾಗೆ ಮೆಂತ್ಯದ ಮಡಿಯ ಮೇಲೆ ಹಾಸುತ್ತಿದ್ದಳು. "ಹಳೇದು ಇಟ್ಟರ ಹೊಸದು ಹೆಂಗ ಬರತೈತಿ?" ಎಂಬುದು ಆಕೆಯ ವಾದ. ಮಲ್ಲಿಗೆಯ ಮಟ್ಟಿಗೆ ಅದು ನಿಜವೂ ಆಗಿತ್ತು. ಬೇಸಿಗೆಯಲ್ಲಿ ಮೊಗ್ಗು ಬುಟ್ಟಿ ತುಂಬುತ್ತಿದ್ದವು.

ನನ್ನ ಡ್ರಮ್ಮಿನ ಗಿಡ ಬೇರೆಯದನ್ನೇ ಕಲಿಸಿತು. ಮೊದಲ ವರ್ಷ ಅದು ಬರಿಯ ಎಲೆ ಬಿಟ್ಟು ಉದ್ದುದ್ದ ಬೆಳೆಯಿತು. ಎರಡನೆಯ ವರ್ಷ ಹೂ ಬಂದದ್ದು, ಹಣ್ಣಾದದ್ದು, ಆ ಹಿಂದಿನ ವರ್ಷದ ಕೊಂಬೆಗಳಲ್ಲೇ. ಹಣ್ಣು ಮುಗಿದ ಮೇಲೆ ಅವು ಒಣಗುತ್ತವೆ, ಬುಡದಿಂದ ಹೊಸವು ಏಳುತ್ತವೆ. ಅಂದರೆ ಒಂದು ಕೊಂಬೆ ಒಂದು ಚಳಿಗಾಲ ದಾಟಿದರೆ ಮಾತ್ರ ಹಣ್ಣು. ಮೊದಲ ಹಣ್ಣು ಒಡೆದ ಆ ಮಧ್ಯಾಹ್ನ ಕೈ ತೊಳೆಯುತ್ತಿರುವಾಗ ಇದರ ಅರ್ಥ ಹೊಳೆದು ನಲ್ಲಿಯನ್ನು ಹಾಗೇ ಹರಿಯಬಿಟ್ಟೆ. ನೀಲತ್ತೆ ಪ್ರತಿ ವರ್ಷ ಎಲ್ಲ ಕೊಂಬೆಗಳನ್ನೂ ಕಡಿಯುತ್ತಿದ್ದಳು. ಹಣ್ಣಿಗಾಗಿ ಕಾಯುತ್ತ, ಹಣ್ಣು ಬರಬೇಕಾದ್ದನ್ನೇ ತನ್ನ ಕೈಯಾರೆ ತೆಗೆದು ಕೋಳಿಗೆ ಅಡ್ಡ ಹಾಸುತ್ತಿದ್ದಳು. ಹಾಗಾದರೆ ನನ್ನ ಬಾಯಲ್ಲಿ ಆಕೆ ಇಟ್ಟದ್ದೇನು?

ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಬೇರೆಯವರ ಮಾತಿಗೆ ಪುರಾವೆ ಕೇಳುವುದನ್ನು. ನನ್ನ ಮಾತಿಗೆ ಕೇಳಿಕೊಂಡಿರಲಿಲ್ಲ. ಕೇಳಿಕೊಂಡ ಮೇಲೆ ನಿದ್ದೆ ಕೆಟ್ಟಿತು. ಅದು ಗುಡ್ಡದ ಹೆಂಗಸರು ಬುಟ್ಟಿಯಲ್ಲಿ ತರುವ ಕಪ್ಪು ಕಾಡುಹಣ್ಣು ಕವಳಿಯೇ ಇರಬಹುದೇ? ಆದರೆ ಕವಳಿಯ ಹಾಲು ತುಟಿಗೆ ಅಂಟುತ್ತದೆ, ನನ್ನ ನೆನಪಿನಲ್ಲಿ ಅಂಟಿಲ್ಲ. ಒಂದು ವರ್ಷ ಅತ್ತೆ ಕಡಿಯುವುದನ್ನು ಮರೆತಿರಬಹುದೇ? ಕಡಿಯದ ವರ್ಷ ಒಂದೇ ಒಂದು ಇತ್ತು. ಅದು ನನಗೂ ಗೊತ್ತಿತ್ತು. ಆ ದೀಪಾವಳಿಯ ಹೊತ್ತಿಗೆ ಬಾವಿಕಟ್ಟೆಯ ಮೇಲೆ ಜಾರಿ ಬಿದ್ದ ಅತ್ತೆ ಹಾಸಿಗೆ ಹಿಡಿದಳು. ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಆಕೆ ಇರಲಿಲ್ಲ. ಹಣ್ಣು ಆಗುವುದು ಬೇಸಿಗೆಯಲ್ಲಿ.

ಒಂದು ಭಾನುವಾರ ಖಾನಾಪುರದ ರೈಲು ಹತ್ತಿದೆ. ದೇಸೂರು ದಾಟಿದ ಮೇಲೆ ಹಿಂದಿರುಗಿಬಿಡೋಣ ಎನಿಸಿತು. ಇದ್ದ ಒಂದನ್ನೂ ಕಳೆದುಕೊಳ್ಳಲು ಟಿಕೆಟ್ ತೆಗೆದುಕೊಂಡು ಹೋಗುವವರುಂಟೇ? ಅಜ್ಜನ ಮನೆ ಇದ್ದಲ್ಲಿ ಈಗ ಮೂರು ಅಂಗಡಿಗಳಿವೆ. ಬಾವಿ ಇದ್ದ ಜಾಗವನ್ನು ಗುರುತಿಸಲು ನನಗಾಗಲಿಲ್ಲ. ಪಕ್ಕದ ಮನೆ ಮಾತ್ರ ಹಾಗೇ ಇದೆ. ಚಾಚಾ ತೀರಿಹೋಗಿ ಬಹಳ ವರ್ಷವಾಯಿತು. ಅವನ ಮಗಳು ಶಾಹಿದಾ ಆಪಾ ಅಲ್ಲೇ ಇದ್ದಾಳೆ. ಅಂದು ಹದಿನೈದರ ಹುಡುಗಿ, ಇಂದು ಅರವತ್ತು ದಾಟಿದವಳು. ಬಾಗಿಲಲ್ಲಿ ನಿಂತು ಹೆಸರು ಹೇಳುತ್ತಲೇ ಕೈ ಹಿಡಿದು ಒಳಗೆ ಎಳೆದು ಕೂರಿಸಿದಳು.

"ಆರಾಮ ಅದೀರೇನ್ರಿ ಆಪಾ?" ಎಂದೆ.

"ರೀ ಅಂತೀಯಾ? ನಿನ್ನ ಮೂಗ ಒರಸೀನೋ ನಾ! ಸುಮ್ನ ಕುಂದರು, ಚಾ ಇಡತೀನಿ."

ಚಹಾ ಮುಗಿದ ಮೇಲೆ ಕಪ್ಪು ಕೆಳಗಿಟ್ಟು ಕೇಳಿದೆ: "ಆಪಾ, ಆ ಮುಳ್ಳಿನ ಗಿಡದ ಹಣ್ಣು, ಅತ್ತಿ ನನಗ ತಿನಿಸಿದ್ದು ನಿನಗ ನೆನಪೈತೇನು?"

ಅತ್ತೆಯನ್ನು ಅವಳು ಮೌಶಿ ಎಂದು ಕರೆಯುತ್ತಿದ್ದಳು. "ನೀಲಮೌಶಿ? ಆಕಿ ಆ ಹಣ್ಣಿನ ಮಾರಿ ಸೈತ ನೋಡಲಿಲ್ಲೋ ಬಸು," ಎಂದಳು. "ಆಕಿ ಬಿದ್ದ ವರ್ಷ ಗಿಡಾ ಕಡಿಯೋ ಖಬರು ಯಾರಿಗಿತ್ತು? ಬ್ಯಾಸಗ್ಯಾಗ ನೋಡತೀವಿ, ಗೊಂಚಲ ಗೊಂಚಲ ಬಿಟ್ಟೈತಿ. ನಮ್ಮ ಅಬ್ಬಾ ಅದರ ಮುಂದ ನಿಂತು, ಈಗ ಕೊಟ್ಟಿಯೇನೋ ಹರಾಮಖೋರ, ಅಂತ ಬೈದು ಅತ್ತಬಿಟ್ರು."

ಆ ಬೇಸಿಗೆಯಲ್ಲೇ ಅಪ್ಪ, ಅವ್ವ ನನ್ನನ್ನೂ ಕರೆದುಕೊಂಡು ಮನೆ ಖಾಲಿ ಮಾಡಿಸಿ ಅಜ್ಜನನ್ನು ಬೆಳಗಾವಿಗೆ ಒಯ್ಯಲು ಬಂದಿದ್ದರು. ಅದು ನನಗೆ ಕೇಳಿ ಗೊತ್ತು. ಉಳಿದದ್ದನ್ನು ಆಪಾ ಹೇಳಿದಳು. "ನೀ ಎರಡ ದಿನಾ ಏನೂ ಉಣಲಿಲ್ಲ. ಅತ್ತಿ ಎಲ್ಲೆದಾಳ, ಅತ್ತಿ ಎಲ್ಲೆದಾಳ, ಅದೊಂದ ಹಟ. ನಿಮ್ಮವ್ವನೂ ಸೋತು ಕುಂತಿದ್ಲು. ನಾ ಹೋಗಿ ನಾಕ ಹಣ್ಣ ಹರಕೊಂಡ ಬಂದೆ. ನಿಮ್ಮತ್ತಿ ಕಳಿಸ್ಯಾಳ, ಬಾಯಿ ತಗಿ ಅಂದೆ. ತಗದಿ."

ಅಭ್ಯಾಸ ಬಿಡಲಿಲ್ಲ ನೋಡಿ, ಖರೆ ಹೀಗೇ ಆಯಿತೇ, ಗಟ್ಟಿಯಾಗಿ ನೆನಪಿದೆಯೇ ಎಂದು ಕೇಳಿಯೇಬಿಟ್ಟೆ.

"ದೊಡ್ಡ ಶ್ಯಾಣ್ಯಾ ಆಗೀಯಪಾ. ಕೋರ್ಟಿನಾಗ ಕೇಳಿದಂಗ ಕೇಳಬ್ಯಾಡ. ನನಗೂ ವಯಸ್ಸಾತು. ಆದ್ರ ಬೆರಳಿಗೆ ಮುಳ್ಳು ನಟ್ಟದ್ದು ನಂದು, ನಂಗೊತ್ತಿಲ್ಲೇನು?" ಎಂದು ನಕ್ಕಳು.

"ಇಷ್ಟ ವರ್ಷ ಆಕಿ ಕೊಟ್ಲು ಅಂತ ಊರಿಗೆಲ್ಲಾ ಹೇಳಿಕೋತ ಬಂದೀನಿ ಆಪಾ."

"ಹೇಳು. ನನ್ನ ಪಾಲ ಆಕೀಗೇ ಇರಲಿ," ಎಂದಳು ಆಪಾ, ಕಪ್ಪುಗಳನ್ನು ಎತ್ತಿಕೊಳ್ಳುತ್ತ. "ಆಕೀಗೆ ಆ ಗಿಡದಿಂದ ಮತ್ತೇನ ಸಿಕ್ತು?"

ಸಂಜೆಯ ರೈಲು ತಡವಾಗಿ ಬಂತು. ಕಿಟಕಿಯ ಪಕ್ಕ ಕುಳಿತು, ನಿಜವನ್ನು ಒಪ್ಪಿಕೊಳ್ಳುವುದು ನನ್ನ ವಿದ್ಯೆಗೆ ತಕ್ಕದ್ದೆಂದು, ಆ ಮಧ್ಯಾಹ್ನವನ್ನು ಮತ್ತೆ ಮೊದಲಿನಿಂದ ಕಟ್ಟಲು ನೋಡಿದೆ. ಹಣ್ಣು ಹಿಡಿದ ಬೆರಳು ಹದಿನೈದರ ಹುಡುಗಿಯದು ಎಂದುಕೊಂಡೆ, ಆಯಿತು. ಅಂಗೈ ಅವಳದಾಯಿತು, ಮಣಿಕಟ್ಟು ಅವಳದಾಯಿತು, ಗೀರು ಬಿದ್ದ ಮೊಣಕೈಯವರೆಗೂ ಅವಳೇ. ಅಲ್ಲಿಂದ ಮೇಲೆ ಎಷ್ಟು ಸಲ ನೋಡಿದರೂ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ನೀಲತ್ತೆಯೇ ಇದ್ದಳು.