ಸೊಣ್ಣಮ್ಮ ಹಾಲು ಕರೆದದ್ದು

ತಾಯಿ ತೀರಿಕೊಂಡಾಗ ಭೈರಸಂದ್ರದ ಸೊಣ್ಣಮ್ಮನಿಗೆ ಹದಿನೇಳೋ ಹದಿನೆಂಟೋ ವಯಸ್ಸು. ತಂದೆ ಅದಕ್ಕೂ ಮೊದಲೇ ಹೋಗಿದ್ದ. ಅವರ ಹೊಲ ಜಯನಗರದ ಬಡಾವಣೆಗೆ ಸೇರಿಹೋಗಿ, ರಾಗಿಯ ತೆನೆ ತೂಗುತ್ತಿದ್ದ ಕಡೆ ಕಾಂಪೌಂಡು ಗೋಡೆಗಳು ಎದ್ದಿದ್ದವು. ಮನೆಯಲ್ಲಿ ಉಳಿದದ್ದು ಅವಳು, ಶಾಲೆಗೆ ಹೋಗುವ ತಂಗಿ ಮರಿಯಮ್ಮ, ಮತ್ತು ಗಿಡ್ಡಿ ಎಂಬ ಹಸು.

ತಾಯಿ ಮುನಿಲಕ್ಷ್ಮಮ್ಮ ಪ್ರತಿ ಬೆಳಿಗ್ಗೆ ಹಸುವನ್ನೂ ಕರುವನ್ನೂ ಮೂರನೇ ಬ್ಲಾಕಿಗೆ ಹೊಡೆದುಕೊಂಡು ಹೋಗಿ, ಮನೆಗಳ ಬಾಗಿಲಲ್ಲೇ ಹಾಲು ಕರೆದು ಕೊಡುತ್ತಿದ್ದಳು. ಹೊಸ ಬಡಾವಣೆಯ ಗೃಹಿಣಿಯರಿಗೆ ಕಣ್ಣೆದುರು ಕರೆದ ಹಾಲಿನ ಮೇಲಷ್ಟೇ ನಂಬಿಕೆ. ಸಂಸಾರ ಆ ಹಾಲಿನಲ್ಲೇ ನಡೆದಿತ್ತು.

ತಿಥಿಯ ಊಟ ಮುಗಿದ ಮೇಲೆ ಸೋದರಮಾವ ಚಿಕ್ಕಬೈರಪ್ಪ ಜಗುಲಿಯ ಮೇಲೆ ಕೂತು ತನ್ನ ತೀರ್ಮಾನ ಹೇಳಿದ. ಸೊಣ್ಣಮ್ಮ ಹುಳಿಮಾವಿನ ಅವನ ಮನೆಗೆ, ಮರಿಯಮ್ಮ ಬೊಮ್ಮನಹಳ್ಳಿಯ ಚಿಕ್ಕಮ್ಮನ ಮನೆಗೆ, ಹಸು ಮಾರಾಟಕ್ಕೆ. ಅವನು ಕೆಟ್ಟವನಲ್ಲ. ಇಬ್ಬರನ್ನೂ ಒಟ್ಟಿಗೆ ಸಾಕುವಷ್ಟು ಅನುಕೂಲ ಯಾರಿಗೂ ಇರಲಿಲ್ಲ.

"ನಾವಿಬ್ರೂ ಇಲ್ಲೇ ಇರ್ತೀವಿ ಮಾವ. ಹಸು ಐತಲ್ಲ" ಎಂದಳು ಸೊಣ್ಣಮ್ಮ.

"ಹಸು ಐತೆ, ಹಾಲೆಲ್ಲೈತಮ್ಮ? ನಿಮ್ಮವ್ವ ಹೋದಾಗ್ಲಿಂದ ಒಂದು ಚೊಂಬು ಇಳಿಸ್ತಾ? ಸೋಮವಾರ ದಲ್ಲಾಳಿ ರಾಮಯ್ಯನ್ನ ಕರ್ಕೊಂಡ್ ಬರ್ತೀನಿ. ಅಷ್ಟರೊಳಗೆ ಹಾಲು ಕೊಟ್ರೆ ನೋಡಾನ."

ಅವನು ಹೇಳಿದ್ದು ನಿಜ. ಗಿಡ್ಡಿ ಒಂದೇ ಕೈಗೆ ಒಗ್ಗಿದ ಹಸು. ಸೊಣ್ಣಮ್ಮ ಕೆಚ್ಚಲಿಗೆ ಕೈ ಹಾಕಿದರೆ ಹಾಲನ್ನು ಮೇಲೆಳೆದುಕೊಂಡು, ಕರುವಿಗೆ ಮಾತ್ರ ಬಿಡುತ್ತಿತ್ತು. ಇದಕ್ಕೆ ಊರಿನ ಹೆಂಗಸರ ಬಳಿ ಮದ್ದಿತ್ತು. ಕರೆಯುತ್ತಿದ್ದವಳ ಸೀರೆ ಉಟ್ಟು ಕೂತರೆ, ಹಸು ವಾಸನೆ ಹಿಡಿದು ಹಾಲಿಳಿಸುತ್ತದೆ. ಆದರೆ ಸತ್ತವರ ಬಟ್ಟೆ ಮಡಿವಾಳರಿಗೆ ಸಲ್ಲಬೇಕೆಂಬ ರೂಢಿಯಂತೆ, ತಾಯಿಯ ಸೀರೆಗಳೆಲ್ಲ ಆಗಲೇ ತಿಮ್ಮಕ್ಕನ ಮನೆ ಸೇರಿದ್ದವು. ಕೊಟ್ಟದ್ದನ್ನು ಮರಳಿ ತಂದರೆ ಸಾವೂ ಹಿಂದೆಯೇ ಬರುತ್ತದೆಂದು ಊರು ನಂಬಿತ್ತು.

ತಂಗಿಯ ಮುಂದೆ ಅಳಬಾರದೆಂದು ಸೊಣ್ಣಮ್ಮ ಆ ದಿನಗಳಲ್ಲಿ ಮಾತನ್ನೇ ಕಡಿಮೆ ಮಾಡಿದ್ದಳು. ಬಾಯಿ ತೆರೆದರೆ ಏನು ಹೊರಬರುವುದೋ ಅವಳಿಗೇ ತಿಳಿಯದು. ಭಾನುವಾರ ಹೇಗೋ ಧೈರ್ಯ ಮಾಡಿ ತಿಮ್ಮಕ್ಕನ ಬಾಗಿಲಿಗೆ ಹೋದಳು.

ತಿಮ್ಮಕ್ಕ ಇಲ್ಲವೆನ್ನದೆ ಒಂದು ಸೀರೆ ತಂದುಕೊಟ್ಟಳು. "ಯಾರ್ಗೂ ಹೇಳ್ಬ್ಯಾಡ ಕಣವ್ವ. ನಿಮ್ಮವ್ವನ ಸೀರೆ ಅಂತ ಎರಡು ಸಲ ಉಬ್ಬೆಗೆ ಹಾಕಿ ಬೇಯ್ಸಿ ಒಗ್ದಿಟ್ಟಿವ್ನಿ. ನೋಡು, ಹೊಸದರಂಗೆ ಐತೆ."

ಸೊಣ್ಣಮ್ಮ ಮೂಸಿ ನೋಡಿದಳು. ಒಗೆಯುವ ಚೌಳುಮಣ್ಣಿನ ವಾಸನೆ, ಬಿಸಿಲಿನ ವಾಸನೆ; ಅವ್ವನದು ಮಾತ್ರ ಇಲ್ಲ. ಅಷ್ಟು ಅಕ್ಕರೆಯಿಂದ ಒಗೆದವಳಿಗೆ ಏನು ಹೇಳುವುದು? ಮಡಚಿಕೊಂಡು ಮನೆಗೆ ತಂದಳು.

ಸೋಮವಾರ ಬೆಳಿಗ್ಗೆ ಅದನ್ನೇ ಉಟ್ಟು ಕೊಟ್ಟಿಗೆಗೆ ಹೋದಳು. ಮರಿಯಮ್ಮ ಕರು ಹಿಡಿದು ನಿಂತಳು. ಗಿಡ್ಡಿ ಸೆರಗನ್ನು ಒಮ್ಮೆ ಮೂಸಿ, ಮುಖ ತಿರುಗಿಸಿ, ಚೊಂಬನ್ನು ಗೋಡೆಯವರೆಗೆ ಒದೆಯಿತು.

ಸೊಣ್ಣಮ್ಮನ ಬಾಯಿ ತಾನಾಗಿ ತೆರೆಯಿತು. "ನಿಮ್ಮಪ್ಪನ ಮನೆ ಚೊಂಬೇನೇ ಅದು, ಮುಂಡೇದೆ? ಒದಿ, ಇನ್ನೊಂದು ಸಲ ಒದಿ ನೋಡಾನ. ಆಚೆ ಮನೆ ಹಸು ನೋಡಿ ಕಲ್ತ್ಕೋ, ಎಷ್ಟು ಮರ್ಯಾದಸ್ತೆ. ನಿನ್ನ ದಿಮಾಕಿಗೆ ಕಡ್ಲೇಕಾಯ್ ಹಿಂಡಿ ಬೇರೆ ಕೇಡು."

ಮಾತು ಮಾತ್ರವಲ್ಲ, ಕೊನೆಯನ್ನು ಎಳೆಯುವ ಆ ರಾಗವೂ ದಿನಾ ಬೈಯುತ್ತಲೇ ಹಾಲು ಕರೆಯುತ್ತಿದ್ದ ಮುನಿಲಕ್ಷ್ಮಮ್ಮನದೇ. ಗಿಡ್ಡಿಯ ಕಿವಿ ಹಿಂದಕ್ಕೆ ತಿರುಗಿತು. ಅದು ನಿಂತಲ್ಲೇ ಮೆಲುಕು ಹಾಕತೊಡಗಿತು.

"ಅಕ್ಕ, ನಿಲ್ಲಿಸ್ಬ್ಯಾಡ. ಬೈಯಿ" ಎಂದು ಮರಿಯಮ್ಮ ಪಿಸುಗುಟ್ಟಿದಳು.

"ಇನ್ನೇನಂತ ಬೈಲಿ?"

"ಅವ್ವ ಅಪ್ಪನ್ನೂ ಸೇರಿಸ್ಕೊಂಡು ಬೈತಿದ್ಲಲ್ಲ, ಅದು."

ಸೊಣ್ಣಮ್ಮ ಚೊಂಬು ಎತ್ತಿಕೊಂಡು ಮತ್ತೆ ಕುಕ್ಕರಗಾಲಲ್ಲಿ ಕೂತಳು. "ನಿನ್ನ ತಂದು ಕಟ್ಟಿದ್ನಲ್ಲ ಆ ಮಾರಾಯ, ತಾನು ಹಾಯಾಗಿ ಹೋಗಿ ಮಲಗವ್ನೆ. ನಿನ್ನ ಗೊಬ್ಬರ ಬಾಚೋಕೆ ನಾನು." ಅಷ್ಟರಲ್ಲಿ ಅವಳಿಗೆ ನಗು ಬಂತು, ನಗುವಿನ ಜೊತೆಗೆ ಇಷ್ಟು ದಿನ ತಡೆದದ್ದೂ ಬಂತು. ಮರಿಯಮ್ಮನೂ ಕರುವಿನ ಕುತ್ತಿಗೆ ತಬ್ಬಿ ಅತ್ತಳು, ನಕ್ಕಳು. ಚೊಂಬಿನಲ್ಲಿ ಹಾಲು ನೊರೆಯೆದ್ದು ಏರುತ್ತಿತ್ತು.

ಬಾಗಿಲಲ್ಲಿ ಚಿಕ್ಕಬೈರಪ್ಪ ಯಾವಾಗಲೋ ಬಂದು ನಿಂತಿದ್ದ. ತೀರಿಹೋದ ಅಕ್ಕನ ದನಿ ಕೇಳಿ ಅವನಿಗೆ ಒಳಗೆ ಕಾಲಿಡಲು ಆಗಿರಲಿಲ್ಲ. ಪಕ್ಕದಲ್ಲಿದ್ದ ರಾಮಯ್ಯ ಎಲೆಯಡಿಕೆ ಉಗಿದು ಹೇಳಿದ: "ಈ ಹಸು ತಗೊಂಡು ಹೋದ್ರೆ, ಬೈಯೋಕೆ ಈ ಯಮ್ಮನ್ನೂ ಕರ್ಕೊಂಡು ಹೋಗ್ಬೇಕಾಯ್ತದೆ."

"ಮಾರಲ್ಲ ನಡಿ" ಎಂದು ಚಿಕ್ಕಬೈರಪ್ಪ ಟವೆಲಿನಿಂದ ಮುಖ ಒರೆಸಿಕೊಂಡ.

ಆ ವಾರವೇ ಸೊಣ್ಣಮ್ಮ ಮೂರನೇ ಬ್ಲಾಕಿಗೆ ಹೊರಟಳು. ಅಲ್ಲಿನ ಗುಮಾಸ್ತರೊಬ್ಬರ ಹೆಂಡತಿ ಸೀತಾಲಕ್ಷ್ಮಿ ಪಾತ್ರೆ ಹಿಡಿದು ಬಂದವರು, "ಬೆಳಗಾಗೆದ್ದು ಬಾಗಿಲಲ್ಲಿ ಇದೇನಮ್ಮ ಬೈಗುಳ?" ಎಂದು ಮುಖ ಸಿಂಡರಿಸಿದರು.

"ಬೈದ್ರೇನೇ ಹಾಲು ಅಮ್ಮೋರೆ. ಬ್ಯಾಡ ಅಂದ್ರೆ ನೀರು ತಂದ್ಕೊಡ್ತೀನಿ."

ಸೀತಾಲಕ್ಷ್ಮಿ ನಕ್ಕು ಪಾತ್ರೆ ಮುಂದಿಟ್ಟರು. ಮುನಿಲಕ್ಷ್ಮಮ್ಮನೂ ಹೀಗೇ ಉತ್ತರ ಕೊಡುತ್ತಿದ್ದಳೆಂದು ಹೇಳಿದರು. ಸೊಣ್ಣಮ್ಮ ಕರೆಯುತ್ತಲೇ, ಇನ್ನೇನು ಹೇಳುತ್ತಿದ್ದಳೆಂದು ಕೇಳಿದಳು.

ಮರಿಯಮ್ಮ ಬೊಮ್ಮನಹಳ್ಳಿಗೆ ಹೋದದ್ದು ಮುಂದಿನ ಯುಗಾದಿಗೆ. ಸಾವಾದ ವರ್ಷವೆಂದು ಇವರ ಮನೆಯಲ್ಲಿ ಒಬ್ಬಟ್ಟು ಇರಲಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಹೊಟ್ಟೆ ತುಂಬ ತಿಂದು, ಅಕ್ಕನಿಗೂ ಕಟ್ಟಿಸಿಕೊಂಡು, ಹಾಲು ಕರೆಯುವ ಹೊತ್ತಿಗೆ ವಾಪಸ್ಸು ಬಂದಳು.