ಜೋಡಿಗಳ ನಡುವೆ ಬಿಟ್ಟ ಜಾಗ

ನಮ್ಮ ಕಂಪ್ಯೂಟರ್ ಸರ್ ಅವರ ಬಲಗೈಯ ನಡುಬೆರಳೂ ಉಂಗುರಬೆರಳೂ ಹುಟ್ಟಿನಿಂದಲೇ ಅಂಟಿಕೊಂಡಿದ್ದವು. ಕೀಬೋರ್ಡಿನಲ್ಲಿ ಒಂದು ಅಕ್ಷರ ಒತ್ತಿದರೆ ಎರಡು ಬೀಳುತ್ತಿದ್ದವು. "ದೇವರು ನನ್ನ ಬೆರಳ ನಡುವೆ ಸ್ಪೇಸಿಂಗ್ ಸೊನ್ನೆ ಇಟ್ಟು ಕಳಿಸ್ಯಾನೆ" ಎಂದು ತಾವೇ ನಗುತ್ತಿದ್ದರು. ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲೆ ಅವರ ತರಬೇತಿ ಕೇಂದ್ರ. ದಿನಾ ನ್ಯಾಮತಿಯಿಂದ ಬಂದವರೇ ಪರದೆಗಳನ್ನೆಲ್ಲ ಕರ್ಚೀಫಿನಿಂದ ಒರೆಸಿ, ಆಮೇಲೆ ಅದರಲ್ಲೇ ಮುಖ ಒರೆಸಿಕೊಳ್ಳುವರು. ಎಷ್ಟು ಹೇಳಿದರೂ ಈ ಕ್ರಮ ಬದಲಾಗಲಿಲ್ಲ.

ಗೋವಿನಕೋವಿಯಿಂದ ಕಲಿಯಲು ಬಂದ ನನ್ನನ್ನು ಅಲ್ಲೇ ಕೆಲಸಕ್ಕೆ ಇಟ್ಟುಕೊಂಡರು. ಮೊದಲ ಕೆಲಸ, ಚನ್ನಗಿರಿಯಲ್ಲಿ ನಡೆಯಲಿದ್ದ ಸಾಮೂಹಿಕ ವಿವಾಹದ ವೆಬ್ ಪುಟ. ವರ, ವಧು, ಊರು ಇರುವ ಒಂದು ಟೇಬಲ್. "ಎಲ್ಲಾ ಜೋಡಿ ಒಂದೇ ಸಲಕ್ಕೆ ಕಾಣ್ಬೇಕು" ಎಂದು ಸಂಘಟಕರು ಹಟ ಹಿಡಿದರು. ಗೆರೆ ತೆಗೆದು, ಅಂತರ ಸೊನ್ನೆ ಮಾಡಿ ಒತ್ತೊತ್ತಾಗಿ ಕೂರಿಸಿದೆ. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಇತ್ತು. ಫೋನಿನಲ್ಲಿ ಉದ್ದುದ್ದ ಹೆಸರುಗಳು ಮುರಿದು, ಸಾಲುಗಳು ಬೆರೆತು, ಯಾರಿಗೆ ಯಾರು ಎನ್ನುವುದೇ ಅಯೋಮಯವಾಯಿತು.

ಮರುದಿನ ಜಗಳೂರಿನಿಂದ ಒಬ್ಬ ವಧುವಿನ ತಾಯಿ ಮೆಟ್ಟಿಲು ಹತ್ತಿ ಬಂದರು. "ನನ್ನ ಮಗಳ ಹೆಸರನ್ನ ಯಾರೋ ಹುಡುಗನ ಪಕ್ಕ ಹಾಕೀರಲ್ರೀ! ಸಂತೇಬೆನ್ನೂರಿನ ಬೀಗರು ಲಗ್ನಾನೇ ಬ್ಯಾಡ ಅಂತಾರೆ" ಎಂದು ಸೆರಗು ಬಾಯಿಗಿಟ್ಟು ಅತ್ತರು.

ಸರ್ ಆಕೆಗೆ ಕುರ್ಚಿ ಹಾಕಿ, ಚಹಾ ತರಿಸಿ, ಮೌಸನ್ನು ನನ್ನತ್ತ ತಳ್ಳಿದರು. "ನೀನೇ ಮಾಡು ಬೇಟಿ. ಅವರ ಕಣ್ಣೆದುರಿಗೇ ಮಾಡು."

ಗೆರೆ ಹಾಕಿದೆ. ಗಾಬರಿಯಲ್ಲಿ ಹೆಸರಿನ ಚೌಕಗಳ ಒಳಗಿನ ಜಾಗ ಹೆಚ್ಚಿಸಿದೆ. ಅವು ಉಬ್ಬಿದವೇ ಹೊರತು ಒಂದನ್ನೊಂದು ಬಿಡಲಿಲ್ಲ. ಸರ್ ತಮ್ಮ ಅಂಟಿದ ಬೆರಳುಗಳನ್ನು ಎತ್ತಿ ತೋರಿಸಿದರು. "ಇವು ದಪ್ಪ ಆದ್ರೆ ಬಿಡಿಬಿಡಿ ಆಗ್ತಾವೇನು? ಒಳಗಿಂದು ಪ್ಯಾಡಿಂಗ್, ನಡುವಿಂದು ಸ್ಪೇಸಿಂಗ್. ನಡುವೆ ಜಾಗ ಬಿಡು."

ಸ್ಪೇಸಿಂಗ್ ಹತ್ತು ಎಂದು ಬರೆದೆ. ಎಲ್ಲ ಚೌಕಗಳೂ ಬೇರೆ ಬೇರೆ ನಿಂತವು. ಆ ತಾಯಿ ಕಣ್ಣೊರೆಸಿಕೊಂಡು ಪರದೆಗೆ ಬಾಗಿದರು. "ಅಲ್ಲವ್ವಾ, ಗಂಡ ಹೆಂಡ್ತಿ ನಡುವೆ ಯಾಕೆ ಸಂದು?"

ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಖರೆ ಐತೆ. ಎರಡು ಅಂಕಿ ಕೊಡು ಬೇಟಿ. ಅಕ್ಕಪಕ್ಕ ಸೊನ್ನೆ, ಮೇಲೆ ಕೆಳಗೆ ಹತ್ತು."

ಹಾಗೇ ಮಾಡಿದೆ. ಪ್ರತಿ ಜೋಡಿಯೂ ತನ್ನ ಪಾಡಿಗೆ ತಾನು ಅಂಟಿಕೊಂಡು ನಿಂತಿತು. ತಾಯಿ ಅಲ್ಲಿಂದಲೇ ಬೀಗರಿಗೆ ಫೋನ್ ಹಚ್ಚಿ ಪುಟ ನೋಡಲು ಹೇಳಿದರು. "ಈಗ ಸರಿ ಐತೆ ಬಿಡ್ರಿ, ನಮಗೂ ಊಟ ಸೇರಿರ್ಲಿಲ್ಲ" ಎಂದಿತು ಆ ಕಡೆಯ ದನಿ. ಮೂವರೂ ಒಟ್ಟಿಗೆ ಉಸಿರು ಬಿಟ್ಟೆವು. ಆರಿಹೋಗಿದ್ದ ಚಹಾವೂ ರುಚಿಯಾಗಿತ್ತು.

ಹೋದ ವರ್ಷ ಸರ್ ತೀರಿಕೊಂಡರು. ನ್ಯಾಮತಿಯ ಮನೆಯಲ್ಲಿ ಅವರ ಹೆಂಡತಿಯ ಕೈ ಹಿಡಿದು, ಅಂದು ಸರ್ ನನ್ನನ್ನು ನಂಬಿ ಮೌಸ್ ಕೊಟ್ಟಿದ್ದರಿಂದಲೇ ಈ ಕೆಲಸದಲ್ಲಿ ಉಳಿದೆ ಎಂದೆ. ಆ ಅಮ್ಮ ಕಣ್ಣೀರಲ್ಲೇ ನಕ್ಕರು.

"ನಂಬಿಕೆ ಎಲ್ಲಿ ಬಂತವ್ವಾ? ಅವರ ಕೈ ನಡುಗಾಕೆ ಹತ್ತಿತ್ತಂತೆ. 'ಆ ಹುಡುಗಿ ಇಲ್ದಿದ್ರೆ ಆ ತಾಯಿ ಮುಂದೆ ನಾನೂ ಅತ್ತುಬಿಡ್ತಿದ್ದೆ' ಅಂತ ಮನೆಗೆ ಬಂದು ಹೇಳಿದ್ರು."

ಅಳಲು ಹೋದವಳು ನಾನೂ ನಕ್ಕುಬಿಟ್ಟೆ. ಸರ್ ಎಂದೂ ಹೆದರದವರು ಎಂದುಕೊಂಡು, ಹೆದರಿದಾಗಲೆಲ್ಲ ಇಷ್ಟು ದಿನ ನನ್ನ ಬಗ್ಗೆ ನಾನೇ ನಾಚಿಕೊಳ್ಳುತ್ತಿದ್ದೆ. ಈಗ ಕೈ ನಡುಗಿದರೆ ನಡುಗಲಿ ಬಿಡು ಎಂದು ಕೆಲಸ ಮುಂದುವರಿಸುತ್ತೇನೆ.