ಹೂವಿನ ಬಾಡಿ ಎಲ್ಲಿ?

ಮೊನ್ನೆ ಬೇಹಾಲಾದ ನಮ್ಮ ಗಲ್ಲಿಯ ಕ್ಷೌರದಂಗಡಿಯವನು ನನ್ನ ತಲೆಯ ಕೆಲಸ ಮುಗಿಸಿ (ಅಲ್ಲೇನು ಅಂಥ ಕೆಲಸ ಉಳಿದಿಲ್ಲ ಬಿಡಿ), ಕನ್ನಡಿಯಲ್ಲಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ದಾದಾ, ಹುಬ್ಬೂ ಸ್ವಲ್ಪ ಕತ್ತರಿಸಲೇ?" ಎಂದು ಬಂಗಾಳಿಯಲ್ಲಿ ಕೇಳಿದ. ಅರವತ್ತು ದಾಟಿದ ಮೇಲೆ ತಲೆಗೂದಲು ಉದುರಿ ಹುಬ್ಬಿನ ಕೂದಲು ಬೆಳೆಯುವುದು ಯಾವ ನ್ಯಾಯವೋ ನನಗೆ ತಿಳಿಯದು. ಬೇಡವೆಂದೆ. ಆದರೆ ಕನ್ನಡಿಯಲ್ಲಿ ಆ ಎರಡು ಹುಬ್ಬು ನನ್ನನ್ನೇ ದಿಟ್ಟಿಸುತ್ತಿದ್ದವು. ಅವು ನನ್ನವಲ್ಲ, ನಮ್ಮಪ್ಪನವು.

ಧಾರವಾಡದಲ್ಲಿ ನಾನು ಹುಡುಗನಾಗಿದ್ದಾಗ ಅಪ್ಪ ಸಂಜೆ ಪಡಸಾಲೆಯಲ್ಲಿ ಕೂತು ಮಗ್ಗಿ ಕೇಳುತ್ತಿದ್ದರು. "ಏಳೆಂಟ್ಲೆ ಎಷ್ಟೋ?" ಓಣಿಯಲ್ಲಿ ಗೋಲಿ ಆಡುವಾಗ ಅದೇ ಪ್ರಶ್ನೆ ಕೇಳಿದ್ದರೆ ಗೋಲಿಯಿಂದ ಕಣ್ಣು ತೆಗೆಯದೆ ಐವತ್ತಾರು ಅನ್ನುತ್ತಿದ್ದೆ. ಅಪ್ಪನ ಎದುರಿಗೆ ಮಾತ್ರ ಅವರ ಎರಡು ಹುಬ್ಬು ನಡುವೆ ಕೂಡಿದ್ದೇ ತಡ, ಏಳೂ ಹೋಯಿತು, ಎಂಟೂ ಹೋಯಿತು. ಹುಬ್ಬು ಇನ್ನಷ್ಟು ಕೂಡುತ್ತವೋ ಇಲ್ಲವೋ ಎಂಬುದಷ್ಟೇ ನನ್ನ ತಲೆಯಲ್ಲಿ ಉಳಿಯುತ್ತಿತ್ತು. ನನಗೆ ಮಕ್ಕಳಾದರೆ ಹೀಗೆ ಮಾಡುವುದಿಲ್ಲವೆಂದು ಆಗಲೇ ಆಣೆ ಮಾಡಿಕೊಂಡಿದ್ದೆ. ಆಣೆ ಮಾಡುವುದಕ್ಕೇನು, ಬಾಯಿ ಇದ್ದರೆ ಸಾಕು.

ರೈಲ್ವೆ ನೌಕರಿ ನನ್ನನ್ನು ಧಾರವಾಡದಿಂದ ಈ ಬಂಗಾಳಕ್ಕೆ ತಂದು ಹಾಕಿತು. ಖಿದಿರ್‌ಪುರದ ಬಂದರಿನ ಆಚೆ ನಮಗೆ ಕ್ವಾರ್ಟರ್ಸು. ಹಡಗುಗಳ ಸೈರನ್ನು ಕೇಳುತ್ತಲೇ ಚಹಾ ಕುಡಿಯುವ ಮನೆ ಅದು. ನಮ್ಮ ಪಲ್ಲವಿ ಹುಟ್ಟಿದ್ದು ಅಲ್ಲಿಯೇ. ನನ್ನ ಹೆಂಡತಿ ಶಾಂತಾ ಮನೆಯಲ್ಲಿ ಧಾರವಾಡದ ಕನ್ನಡ ಬಿಟ್ಟು ಬೇರೆ ಮಾತಾಡಿದವಳಲ್ಲ. ಅಂಗಳದಲ್ಲಿ ಆಡುವ ಮಕ್ಕಳೆಲ್ಲ ಬಂಗಾಳಿ. ಹೀಗಾಗಿ ನಮ್ಮ ಕೂಸಿನ ಬಾಯಲ್ಲಿ ಯಾವ ಮಾತು ಯಾವ ಊರಿನದೆಂದು ಹೇಳಲು ಬ್ರಹ್ಮನಿಗೂ ಆಗುತ್ತಿರಲಿಲ್ಲ.

ಅವಳಿಗೆ ಮೂರೂವರೆ ವರ್ಷ. ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಹೊರಟು ಒಂದು ಕಾಲುಚೀಲಕ್ಕಾಗಿ ಮನೆಯೆಲ್ಲ ಹುಡುಕುತ್ತಿದ್ದೆ. ಆ ಕಾಲುಚೀಲ ಕದ್ದವರು ಇಡೀ ಮನೆಯವರೇ ಎಂಬ ಧಾಟಿಯಲ್ಲಿ ಕೂಗಾಡುತ್ತಲೂ ಇದ್ದೆ. ಆಗ ಕೂಸು ಬಂದು ಪ್ಯಾಂಟು ಜಗ್ಗಿ ಕೇಳಿತು: "ಅಪ್ಪಾ, ಹೂವಿನ ಬಾಡಿ ಎಲ್ಲಿ ಅದ?"

ನಾನು ಇಂಗ್ಲಿಷಿನ ಬಾಡಿ ಅಂದುಕೊಂಡೆ. "ಹೂವಿಗೆಂಥಾ ಬಾಡಿ? ಏನರ ಹುಚ್ಚುಚ್ಚಾರ ಮಾತಾಡಬ್ಯಾಡ, ಸರಿ ಆಕಡೆ!" ಎಂದೆ. ಹುಬ್ಬು ಏನು ಮಾಡಿದವೋ ನನಗೆ ಕಾಣಲಿಲ್ಲ, ಅವಳಿಗೆ ಕಂಡಿತು. ಪ್ಯಾಂಟು ಬಿಟ್ಟು ಹಿಂದೆ ಸರಿದಳು.

ಸಂಜೆ ಶಾಂತಾ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಅವಳು ಬೆಳಿಗ್ಗೆ ದೇವರ ಮುಂದಿನ ಹೂವು ತೆಗೆಯುತ್ತ, "ಅಯ್ಯ, ಎಲ್ಲಾ ಬಾಡಿ ಹೋಗ್ಯಾವ" ಅಂದಿದ್ದಳಂತೆ. ಬಂಗಾಳಿಯಲ್ಲಿ ಬಾಡಿ ಅಂದರೆ ಮನೆ. ಆಟ ಮುಗಿಸಿದ ಮಕ್ಕಳು ದಿನವೂ "ಬಾಡಿ ಜಾಬೋ" ಎಂದು ಮನೆಗೆ ಓಡುವುದನ್ನು ಪಲ್ಲವಿ ನೋಡಿದ್ದಳು. ಅಂದಮೇಲೆ ಹೂವುಗಳೂ ಮನೆಗೆ ಹೋಗಿವೆ. ಆದರೆ ಅಮ್ಮನ ಕೈಯಲ್ಲಿ ಇಲ್ಲೇ ಇವೆಯಲ್ಲ? ಕೂಸಿಗೆ ಇದು ಬಗೆಹರಿಯಲಿಲ್ಲ. ನನ್ನ ಹತ್ತಿರ ಕೇಳಲು ಬಂದದ್ದು ಅದನ್ನೇ.

ನಾನು ಗದರಿಸಿ ಹೋದ ಮೇಲೆ ಅವಳು ಅಮ್ಮನನ್ನು ಕೇಳಿದಳು. ಶಾಂತಾ ನಗಲಿಲ್ಲ, ತಿದ್ದಲೂ ಇಲ್ಲ. "ಹೌದಲ್ಲಾ! ಎಲ್ಲಿ ಇರಬಹುದು ಅವುಗಳ ಮನಿ? ನೀನ ಹೇಳು ನೋಡೋಣು" ಅಂದಳಂತೆ. ಈ 'ಹೌದಲ್ಲಾ' ಎಂಬುದನ್ನು ನನ್ನ ಹೆಂಡತಿ ಹೇಳುವ ರೀತಿ ನೀವು ಕೇಳಬೇಕು. ಅವಳಿಗೂ ಆ ಪ್ರಶ್ನೆ ಆಗಲೇ ಹೊಳೆದು, ಅವಳೂ ಅದಕ್ಕೆ ಸಿಕ್ಕಿಬಿದ್ದ ಹಾಗಿರುತ್ತದೆ. ಕೂಸು ಬಹಳ ಹೊತ್ತು ಕೂತು ಯೋಚಿಸಿತು. ಆಮೇಲೆ ಬಾಡಿದ ದಾಸವಾಳಗಳನ್ನು ಆರಿಸಿ ತೆಗೆದುಕೊಂಡು ಹೋಗಿ ಅಂಗಳದ ದಾಸವಾಳದ ಗಿಡದ ಬುಡಕ್ಕೆ ಇಟ್ಟಿತು. ಚೆಂಡು ಹೂವನ್ನು ಮಾತ್ರ ಅಲ್ಲಿ ಇಡಲಿಲ್ಲ. ಅದರ ಮನೆ ಬಜಾರಿನಲ್ಲಿದೆ, ಹೂವಿನವನಿಗೆ ವಾಪಸು ಕೊಡಬೇಕು ಎಂದು ಬಟ್ಟಲಲ್ಲಿ ಎತ್ತಿಟ್ಟಿತು.

ಈಗ ಕೂತು ನೆನೆದರೆ ನನಗೆ ಆಶ್ಚರ್ಯವೇ ಆಗುತ್ತದೆ. ಮೂರೂವರೆ ವರ್ಷದ ಜೀವ ಒಂದು ತಪ್ಪು ಶಬ್ದದ ಬಾಲ ಹಿಡಿದು ಎಷ್ಟು ದೂರ ಹೋಗಿತ್ತು ನೋಡಿ. ಎಲ್ಲಿಂದ ಬಂತೋ ಅದೇ ಮನೆ, ಎಲ್ಲರ ಮನೆಯೂ ಒಂದೇ ಅಲ್ಲ, ಇಂದು ಆಗದಿದ್ದರೆ ನಾಳೆ ತಲುಪಿಸಬಹುದು. ಆದರೆ ಅಂದು ನಾನು ಮಾಡಿದ್ದೇನು? ಹೊಟ್ಟೆ ಹಿಡಿದುಕೊಂಡು ನಕ್ಕೆ. ಮರುದಿನ ಆಫೀಸಿನಲ್ಲಿ ಹೇಳಿದೆ. ಮನೆಗೆ ಬಂದವರ ಮುಂದೆಲ್ಲ ಅವಳನ್ನು ನಿಲ್ಲಿಸಿ, "ಹೂವಿನ ಬಾಡಿ ಎಲ್ಲಿ ಅದ ಹೇಳವಾ" ಎಂದು ಕೇಳಿದೆ. ಬಂದವರು ನಗುತ್ತಿದ್ದರು. ಎರಡು ಸಲ ಹೇಳಿದಳು. ಮೂರನೆಯ ಸಲ ಅಮ್ಮನ ಸೆರಗಿನೊಳಗೆ ಮುಖ ಮುಚ್ಚಿಕೊಂಡಳು. ಅಲ್ಲಿಂದ ಮುಂದೆ ನನ್ನ ಹತ್ತಿರ ಏನನ್ನೂ ಕೇಳುವುದನ್ನು ಬಿಟ್ಟಳು. ನನ್ನ ಸಿಟ್ಟಿಗಿಂತ ನಗುವೇ ಹೆಚ್ಚು ಕೆಡಿಸಿತೋ ಏನೋ ಎಂದು ಈಗಲೂ ಅನುಮಾನ.

ಅವಳು ಕೇಳುವುದನ್ನು ಬಿಟ್ಟಿದ್ದು ನನಗೆ ಗೊತ್ತೇ ಆಗಲಿಲ್ಲ, ಮನೆ ಶಾಂತವಾಯಿತು ಎಂದುಕೊಂಡೆ. ಗೊತ್ತಾದದ್ದು ಶಾಲೆಗೆ ಸೇರಿಸಲು ಹೋದಾಗ.

ಹತ್ತಿರದಲ್ಲೇ ಒಬ್ಬ ವಯಸ್ಸಾದ ದಿದಿಮೊಣಿ, ಅಂದರೆ ನಮ್ಮ ಟೀಚರಮ್ಮ, ತಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಸಣ್ಣ ಮಕ್ಕಳ ಶಾಲೆ ನಡೆಸುತ್ತಿದ್ದರು. ಪಲ್ಲವಿಯ ಮುಂದೆ ಮರದ ತುಂಡುಗಳನ್ನು ಸುರುವಿ, ಒಂದೇ ಥರದವನ್ನು ಬೇರೆ ಬೇರೆ ಮಾಡು ಅಂದರು. ಮನೆಯಲ್ಲಿ ಅಮ್ಮನ ಜೊತೆ ಕಡಲೆ, ಹೆಸರು, ತೊಗರಿ ಬೇರೆ ಮಾಡುವ ಕೂಸು. ಅಂದು ಒಂದು ತುಂಡು ಎತ್ತಿತು, ನನ್ನ ಕಡೆ ನೋಡಿತು. ಇಟ್ಟಿತು, ಮತ್ತೆ ನನ್ನ ಕಡೆ ನೋಡಿತು. ಇನ್ನೊಂದು ಎತ್ತಲೇ ಇಲ್ಲ. ನನಗೆ ಒಳಗೊಳಗೇ ಕುದಿಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ನಮ್ಮ ಕೂಸು ಮಂದವೇನೋ? ಇಷ್ಟು ದಿನ ನಮಗೇ ತಿಳಿಯಲಿಲ್ಲವೇನೋ?

ದಿದಿಮೊಣಿ ಕನ್ನಡಕ ಸರಿಮಾಡಿಕೊಂಡು, "ದಾದಾ, ನೀವು ಸ್ವಲ್ಪ ಹೊರಗೆ ಹೋಗಿ ಚಹಾ ಕುಡಿದು ಬನ್ನಿ" ಅಂದರು, ಅರ್ಧ ಹಿಂದಿ ಅರ್ಧ ಬಂಗಾಳಿಯಲ್ಲಿ. ನಾನು ಚಹಾ ಕುಡಿಯಲಿಲ್ಲ. ಕಿಟಕಿಯ ಪಕ್ಕ ಕಳ್ಳನ ಹಾಗೆ ನಿಂತೆ. ಪಲ್ಲವಿ ತುಂಡುಗಳನ್ನು ಸರಸರ ಆರಿಸತೊಡಗಿದಳು. ಮೊದಲು ಬಣ್ಣದ ಪ್ರಕಾರ ಮಾಡಿದಳು. ಅದು ಮನಸ್ಸಿಗೆ ಬರಲಿಲ್ಲವೋ ಏನೋ, ಎಲ್ಲ ಕೆಡಿಸಿ ಆಕಾರದ ಪ್ರಕಾರ ಮಾಡಿದಳು. ಬಾಯಲ್ಲಿ ಏನೋ ಗುಣುಗುಣು ಬೇರೆ. ಹಾಗೆ ಗುಣುಗುಣು ಮಾಡುವ ನನ್ನ ಮಗಳನ್ನು ನಾನು ನೋಡಿ ಎಷ್ಟೋ ತಿಂಗಳಾಗಿತ್ತು.

ಹೊರಗೆ ಬಂದು ದಿದಿಮೊಣಿ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. "ನಿಮ್ಮ ಮಗಳು ತುಂಬ ಚುರುಕು. ಆದರೆ ನೀವು ಎದುರಿಗಿದ್ದರೆ ಅವಳ ಬುದ್ಧಿಯೆಲ್ಲ ನಿಮ್ಮ ಮುಖ ಓದುವುದಕ್ಕೇ ಮುಗಿದುಹೋಗುತ್ತದೆ. ಆಟಕ್ಕೆ ಏನೂ ಉಳಿಯುವುದಿಲ್ಲ."

ಏಳೆಂಟ್ಲೆ ಎಷ್ಟೆಂದು ಯಾರಾದರೂ ಕೇಳಿದ್ದರೆ ಆಗಲೂ ನನಗೆ ಹೇಳಲು ಬರುತ್ತಿರಲಿಲ್ಲ. ಮನೆಗೆ ಬರುವಾಗ ಕೂಸು ನನ್ನ ಬೆರಳು ಹಿಡಿದು ನಡೆಯುತ್ತಿತ್ತು. ನನಗೆ ಅಳುವೇ ಬಂತು, ನಿಜ ಹೇಳುತ್ತೇನೆ.

ಆಮೇಲೆ ನಾನು 'ಹೌದಲ್ಲಾ' ಕಲಿಯಲು ಕೂತೆ. ನಗಬೇಡಿ. ಇಪ್ಪತ್ತು ವರ್ಷ ಸಿಗ್ನಲ್ ಕಲಿತವನಿಗೆ ಅದು ಅಷ್ಟು ಕಷ್ಟವಾಗಬಾರದಿತ್ತು. ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತು ಹುಬ್ಬು ಮೇಲೆತ್ತಿ ಹೇಳಿ ನೋಡಿದೆ. ಪಲ್ಲವಿ ಗೊಂಬೆಗೆ ಅನ್ನ ಉಣಿಸುವಾಗ ಪಕ್ಕದಲ್ಲಿ ಕೂತು, ಹುಬ್ಬೆತ್ತಿ, ಹಲ್ಲು ಬಿಟ್ಟು, "ಹೌದಲ್ಲಾ!" ಅಂದೆ. ಅವಳು ನನ್ನನ್ನೇ ನೋಡಿ, "ಅಪ್ಪಾ, ಹೊಟ್ಟಿ ನೋಯ್ಲಿಕತ್ತದೇನು?" ಎಂದು ಕೇಳಿದಳು. ಎಷ್ಟೋ ತಿಂಗಳ ಮೇಲೆ ಅವಳು ನನಗೆ ಕೇಳಿದ ಮೊದಲ ಪ್ರಶ್ನೆ ಅದು. ನೋಯುತ್ತಿದೆ ಅಂದೆ. ಯಾಕೆಂದು ಕೇಳಿದಳು. ಗೊತ್ತಿಲ್ಲ, ನೀನೇ ಹೇಳು ಅಂದೆ. ಒಂದು ದೊಡ್ಡ ಕಾರಣಮಾಲೆಯೇ ಬಂತು: ಮೀನು ತಿಂದೀ, ಟ್ರಾಮಿನ್ಯಾಗ ಕೂತೀ, ಅಮ್ಮಗ ಬೈದೀ. ಕೊನೆಯದು ಸರಿಯಾಗಿತ್ತು.

ಅಂದಿನಿಂದ ಎಲ್ಲ ಸರಿಹೋಯಿತೆಂದರೆ ಸುಳ್ಳಾದೀತು. ಅವಳು ಮೂರನೇ ಇಯತ್ತೆಗೆ ಬಂದಾಗ ಭಾಗಾಕಾರ ಹೇಳಿಕೊಡುತ್ತ ಎರಡು ಸಲ ಪುಸ್ತಕ ಎಸೆದಿದ್ದೇನೆ. ಆಗ ಶಾಂತಾ ಒಳಗಿನಿಂದ, "ದಾದಾ, ಹೊರಗ ಹೋಗಿ ಚಹಾ ಕುಡದು ಬರ್ರಿ" ಅನ್ನುತ್ತಿದ್ದಳು. ನಾನು ಎದ್ದು ಹೋಗುತ್ತಿದ್ದೆ. ತಂದೆತಾಯಿಯ ಮುಖಕ್ಕೂ ಮಕ್ಕಳ ತಲೆಗೂ ಇರುವ ಆ ದಾರಿ ಎಲ್ಲಿ ಹಾಯುತ್ತದೆ, ಒಮ್ಮೆ ಕಟ್ಟಿದರೆ ಮತ್ತೆ ಪೂರ್ತಿ ತೆರೆಯುತ್ತದೆಯೇ, ನನಗೆ ತಿಳಿಯದು. ತಿಳಿದವರು ಇರಬಹುದು. ನಾನು ಬಲ್ಲದ್ದು ಒಂದೇ ಕೂಸಿನ ವಿಷಯ.

ಆ ಕೂಸು ಈಗ ಸೆಕ್ಟರ್ ಫೈವ್‌ನ ಕಂಪ್ಯೂಟರ್ ಕಂಪನಿಯೊಂದಕ್ಕೆ ಕೆಲಸಕ್ಕೆ ಹೋಗುತ್ತದೆ, ನಮ್ಮ ಜೊತೆಯಲ್ಲೇ ಇದೆ. ಹೋದ ವರ್ಷ ಒಮ್ಮೆ ತಾನಾಗಿಯೇ ಹೇಳಿದಳು: ಮೀಟಿಂಗಿನಲ್ಲಿ ದೊಡ್ಡವರು ಯಾರಾದರೂ ಮುಖ ಗಂಟುಹಾಕಿದರೆ ಗೊತ್ತಿದ್ದದ್ದೂ ಬ್ಲ್ಯಾಂಕ್ ಆಗುತ್ತದಂತೆ. ಅಂದು ನನಗೆ ಊಟ ಸೇರಲಿಲ್ಲ.

ಈ ಭಾನುವಾರ ಪುಸ್ತಕದ ಕಪಾಟೊಂದು ಬಂತು. ಕಪಾಟು ಅಂದರೆ ಹಲಗೆ ಬೇರೆ, ಸ್ಕ್ರೂ ಬೇರೆ, ನಾವೇ ಜೋಡಿಸಿಕೊಳ್ಳಬೇಕು. ನಾನೂ ಪಲ್ಲವಿಯೂ ನೆಲದ ಮೇಲೆ ಕೂತೆವು. ಅವಳು ಚಿತ್ರದ ಹಾಳೆ ಹರಡಿಕೊಂಡು ಒಂದು ಹಲಗೆ ನಿಲ್ಲಿಸಿದಳು. ಅದು ತಲೆಕೆಳಗಾಗಿತ್ತು, ನನಗೆ ನೋಡಿದ ಕೂಡಲೇ ತಿಳಿಯಿತು. "ಏ, ಅದು..." ಎಂದು ಶುರು ಮಾಡಿದೆ. ಧ್ವನಿ ಏರಿಯೇ ಇತ್ತು.

"ತಡಿ ಅಪ್ಪಾ," ಅಂದಳು ಅವಳು, ಹಾಳೆಯಿಂದ ತಲೆ ಎತ್ತದೆ. "ನಾ ಥಿಂಕ್ ಮಾಡ್ಲಿಕತ್ತೀನಿ."

ಬಾಯಲ್ಲಿ ಏನೋ ಗುಣುಗುಣು ಮಾಡುತ್ತ ಅದೇ ಹಲಗೆಗೆ ಮೊದಲ ಸ್ಕ್ರೂ ತಿರುಗಿಸಿದಳು. ನಾನು ಎರಡನೆಯ ಸ್ಕ್ರೂ ಎತ್ತಿ ಅವಳ ಕೈಗೆ ಕೊಟ್ಟೆ.